ಬುಟ್ಟಿ ನೇಯುವುದೋ, ಹೆಣೆಯುವುದೋ?

ಪ್ರಶ್ನೆ: ಬಟ್ಟೆ ನೇಯುತ್ತಾರೆ, ಬುಟ್ಟಿ ಹೆಣೆಯುತ್ತಾರೆ, ಹಗ್ಗ ಹೊಸೆಯುತ್ತಾರೆ. ಎಲ್ಲದರಲ್ಲೂ ಎಳೆಗೆ ಎಳೆ ಸೇರಿಸುವುದೇ ಕೆಲಸ. ಹಾಗಿದ್ದರೆ ಇಷ್ಟೊಂದು ಕ್ರಿಯಾಪದಗಳೇಕೆ? ‘ಎರಡು ಸಮಸ್ಯೆಗಳು ಒಂದರೊಳಗೊಂದು ಹೆಣೆದುಕೊಂಡಿವೆ’ ಎಂದು ನಾನು ಬರೆದದ್ದನ್ನು ಗೆಳತಿ ‘ತೊಡರಿಕೊಂಡಿವೆ’ ಎಂದು ತಿದ್ದಿದಳು. ಯಾವುದು ಸರಿ?

ಉತ್ತರ: ದಿನವೂ ಆಡುವ ಮಾತುಗಳಾದ್ದರಿಂದ ಇವುಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಎಳೆಗಳು ಸೇರುತ್ತವೆ ಎಂಬುದು ನಿಜ. ಆದರೆ ಹೇಗೆ ಸೇರುತ್ತವೆ ಎಂಬುದನ್ನು ನೋಡಿ ಕನ್ನಡವು ಪದವನ್ನು ಆರಿಸುತ್ತದೆ. ಮೊದಲು ‘ನೇಯು’ ನೋಡೋಣ. ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳಿಗೆ ಹಾಸು ಎಂದು ಹೆಸರು. ಲಾಳಿಯೊಂದಿಗೆ ಅಡ್ಡಡ್ಡ ಓಡಾಡುವ ಎಳೆ ಹೊಕ್ಕು. ಒಂದು ಅಲುಗದೆ ಕಾಯುತ್ತಿರುತ್ತದೆ, ಇನ್ನೊಂದು ಅದರ ನಡುವೆ ಹೊಗುತ್ತದೆ. ಹೀಗೆ ಎರಡಕ್ಕೂ ಬೇರೆಬೇರೆ ಪಾಲು ಇದ್ದು ಮಗ್ಗದ ಮೇಲೆ ನಡೆಯುವ ಕೆಲಸವೇ ನೇಯ್ಗೆ. ಇಳಕಲ್ ಸೀರೆಯನ್ನು ಹತ್ತಿರದಿಂದ ನೋಡಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಅದರಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡರ ಎಳೆಗಳನ್ನು ಕುಣಿಕೆಯಂತೆ ಒಂದರೊಳಗೊಂದು ಸಿಕ್ಕಿಸಿ ಕೂಡಿಸಿದ ಮೇಲೆಯೇ ಸೆರಗಿನ ನೇಯ್ಗೆ. ಇಷ್ಟು ಸೂಕ್ಷ್ಮವಾಗಿ ಕೂಡಿಸುವ ಆ ಕೆಲಸವನ್ನು ಮಾತ್ರ ಯಾರೂ ‘ನೇಯು’ ಎನ್ನುವುದಿಲ್ಲ, ಏಕೆಂದರೆ ಅಲ್ಲಿ ಹೊಕ್ಕು ಇಲ್ಲ.

‘ಹೆಣೆ’ ಕೈಯ ಕೆಲಸ. ಜಡೆ, ಬುಟ್ಟಿ, ಮೊರ, ಬಲೆ, ಕರಾವಳಿಯ ಮನೆಗಳ ಮಡಲು, ಕಡ್ಡಿಯಲ್ಲಿ ಹಾಕುವ ಸ್ವೆಟರ್ ಎಲ್ಲವೂ ಹೆಣಿಗೆಯೇ. ಬುಟ್ಟಿಯಲ್ಲೂ ನಿಂತ ಸೀಳು, ಸುತ್ತುವ ಸೀಳು ಎಂದು ಎರಡು ಬಗೆ ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ಆದರೆ ಅವನ್ನು ಹಿಡಿದಿಡುವುದು ಮಗ್ಗವಲ್ಲ, ಹೆಣೆಯುವವರ ಬೆರಳು, ಕೆಲವೊಮ್ಮೆ ಕಾಲಿನ ಹೆಬ್ಬೆರಳು. ಚಾಪೆಯ ವಿಷಯದಲ್ಲಿ ಗೊಂದಲವಾಗುವುದು ಸಹಜ. ಮುಂಡುಗದ ಓಲೆಯ ಚಾಪೆಯನ್ನು ಕೈಯಲ್ಲಿ ಹೆಣೆಯುತ್ತಾರೆ. ದಾರವನ್ನು ಹಾಸಾಗಿ ಬಿಗಿದು ಹುಲ್ಲನ್ನು ಹೊಕ್ಕಾಗಿ ತೂರಿಸಿ ಮಾಡುವ ಚಾಪೆಯನ್ನು ನೇಯುತ್ತಾರೆ. ಎರಡು ಮಾತೂ ಸರಿ, ಚಾಪೆ ಮಾತ್ರ ಬೇರೆಬೇರೆ.

‘ಹೊಸೆ’ ಎಂದರೆ ತಿರುಚಿ ಒಂದಾಗಿಸುವುದು. ದೀಪದ ಬತ್ತಿಯನ್ನು ಅಂಗೈಗಳ ನಡುವೆ ಹೊಸೆಯುತ್ತೇವೆ, ಹಗ್ಗವನ್ನು ತೊಡೆಯ ಮೇಲೆ. ‘ನುಲಿ’ ಇದರ ಒಡಹುಟ್ಟು, ‘ಹೊಟ್ಟೆ ನುಲಿಯುತ್ತಿದೆ’ ಎನ್ನುವಾಗಲೂ ಅದೇ ತಿರುಚಾಟ. ವಚನಕಾರರ ಹೆಸರುಗಳಲ್ಲೇ ಈ ಮೂರೂ ಕಸುಬುಗಳಿವೆ: ಬಟ್ಟೆ ನೇಯುವ ಜೇಡರ ದಾಸಿಮಯ್ಯ, ಬಿದಿರು ಹೆಣೆಯುವ ಮೇದಾರ ಕೇತಯ್ಯ, ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಜೇಡ ಎಂಬ ಮಾತಿಗೆ ನೇಕಾರ ಎಂದೂ ಅರ್ಥ. ಹೂವನ್ನು ನಾರಿನಿಂದ ಗಂಟು ಹಾಕುತ್ತ ಹೋದರೆ ಕಟ್ಟುವುದು, ಸೂಜಿಯಿಂದ ಚುಚ್ಚಿ ದಾರಕ್ಕೆ ಏರಿಸಿದರೆ ಪೋಣಿಸುವುದು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. ಇದುವರೆಗಿನ ಕೆಲಸಗಳೆಲ್ಲ ಯಾರೋ ಬೇಕೆಂದು ಮಾಡುವಂಥವು, ಕೊನೆಗೊಂದು ವಸ್ತು ಕೈಗೆ ಬರುತ್ತದೆ. ಸಿಕ್ಕು, ತೊಡಕು, ಗೋಜಲು ಹಾಗಲ್ಲ. ಅವನ್ನು ಯಾರೂ ಮಾಡುವುದಿಲ್ಲ, ತಾವಾಗಿ ಆಗುತ್ತವೆ, ಆಮೇಲೆ ಬಿಡಿಸಬೇಕಾಗುತ್ತದೆ. ಕಾದಂಬರಿಯಲ್ಲಿ ಎರಡು ಕತೆಗಳು ಹೆಣೆದುಕೊಂಡಿರಬಹುದು, ಅಲ್ಲಿ ಕಾದಂಬರಿಕಾರರ ಕೈ ಇದೆ. ನೀರಿನ ಕೊರತೆಯೂ ಜಮೀನಿನ ವ್ಯಾಜ್ಯವೂ ಒಂದಕ್ಕೊಂದು ಸಿಕ್ಕಿಕೊಂಡರೆ ಅದು ತೊಡರಿಕೊಂಡದ್ದೇ. ‘ಹೆಣೆದುಕೊಂಡಿವೆ’ ಎಂಬುದು ವ್ಯಾಕರಣಕ್ಕೆ ತಪ್ಪಲ್ಲ, ಪತ್ರಿಕೆಗಳಲ್ಲೂ ಕಾಣುತ್ತದೆ. ಆದರೂ ನನ್ನ ಮತ ನಿಮ್ಮ ಗೆಳತಿಗೆ.

‘ಜಡೆ’ಯೊಂದು ಇಲ್ಲಿ ಸ್ವಲ್ಪ ಕಾಡಬಹುದು. ಸಂಸ್ಕೃತದ ಜಟೆ ಬಾಚದೆ ಗಂಟುಬಿದ್ದ ಕೂದಲು, ಶಿವನ ತಲೆಯ ಮೇಲಿರುವಂಥದ್ದು. ಅದೇ ಪದ ಕನ್ನಡದಲ್ಲಿ ಜಡೆಯಾಗಿ, ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿ ಮೂರು ಕಾಲು ಮಾಡಿ ಹೆಣೆದ ಕೂದಲಿನ ಹೆಸರಾಯಿತು. ಹಳೆಯ ಅರ್ಥ ‘ಜಡೆಗಟ್ಟಿದ ಕೂದಲು’ ಎನ್ನುವಾಗ ಉಳಿದಿದೆ, ‘ಜಟಿಲ’ದಲ್ಲೂ ಇದೆ. ಆದ್ದರಿಂದ ಜಡೆ ಹೆಣೆಯಬಹುದು, ಜಟಿಲವಾದದ್ದನ್ನು ಬಿಡಿಸಲೇಬೇಕು.

‘ಹಾಸುಹೊಕ್ಕು’ ಮಗ್ಗದಿಂದ ಬಂದ ಮಾತು ಎಂಬುದು ಈಗ ನಿಮಗೆ ತಿಳಿಯಿತು. ಒಂದನ್ನು ಎಳೆದುಹಾಕಿದರೆ ಇನ್ನೊಂದು ನಿಲ್ಲದು ಎನ್ನುವಷ್ಟು ಬೆರೆತ ಕಡೆ ಅದನ್ನು ಬಳಸಿ. ಊರಿನಲ್ಲಿ ಜ್ವರ ಹಾಸುಹೊಕ್ಕಾಗುವುದಿಲ್ಲ, ಹಬ್ಬುತ್ತದೆ. ಇನ್ನೊಂದು ಎಚ್ಚರಿಕೆ: ಕತೆ ಹೆಣೆದರು ಎಂದರೆ ಮೆಚ್ಚುಗೆ, ಕತೆ ಕಟ್ಟಿದರು ಎಂದರೆ ಹಲವೊಮ್ಮೆ ಸುಳ್ಳು ಹೇಳಿದರು ಎಂದೇ ಅರ್ಥ, ಕವನ ಹೊಸೆದರು ಎಂದರೆ ಗೇಲಿ. ಪರಿಚಿತರ ಕವನ ಸಂಕಲನಕ್ಕೆ ನಾಲ್ಕು ಮಾತು ಬರೆದುಕೊಡುವ ಸಂದರ್ಭ ಬಂದರೆ ಆ ಕೊನೆಯ ಕ್ರಿಯಾಪದದ ಹತ್ತಿರ ಹೋಗಬೇಡಿ.