ಸದಾಶಿವಗಡ ಹತ್ತುವವರಿಗೆ ಆರು ಸೂತ್ರಗಳು

ಕಾರವಾರಕ್ಕೆ ಬಂದವರು ಟ್ಯಾಗೋರ್ ಕಡಲತೀರ ನೋಡಿ ಮರಳಿಬಿಡುತ್ತಾರೆ. ಊರಿನ ಚರಿತ್ರೆಯ ಬೀಗದ ಕೈ ಇರುವುದು ಕಾಳಿ ನದಿಯಾಚೆಯ ಗುಡ್ಡದಲ್ಲಿ. ಅದನ್ನು ಹತ್ತಲೇಬೇಕು.

1. ಮಳೆ ನಿಂತ ಮೇಲೆ ಬನ್ನಿ. ಮಳೆಗಾಲದಲ್ಲಿ ಕಲ್ಲು ಪಾಚಿಗಟ್ಟಿ ಜಾರುತ್ತದೆ. ಏಪ್ರಿಲ್-ಮೇ ಸೆಕೆ ಕರಾವಳಿಯವರನ್ನೂ ಹಣಿಯುತ್ತದೆ.

2. ಬಸ್ ನಿಲ್ದಾಣದಿಂದ ಮಾಜಾಳಿ ಕಡೆಯ ಬಸ್ಸೋ ರಿಕ್ಷಾವೋ ಹಿಡಿದು ಸೇತುವೆ ದಾಟಿದರಾಯಿತು. ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಮೇಲೆ ಹೊಸದರ ಮೇಲೆ ಭಾರ ಹೆಚ್ಚಿದೆ. ಫೋಟೋಗೆಂದು ಅಲ್ಲಿ ಗಾಡಿ ನಿಲ್ಲಿಸಬೇಡಿ.

3. ಕೋಟೆಯ ಕಥೆ ತಿಳಿದುಕೊಂಡೇ ಹತ್ತಿ. ಮೇಲೆ ಉಳಿದಿರುವುದು ಅಳಿದುಳಿದ ಗೋಡೆಗಳಷ್ಟೆ. ಕಥೆ ಗೊತ್ತಿಲ್ಲದವರಿಗೆ ಅವು ಬರೀ ಕಲ್ಲು. ಸೋಂದೆಯ ಅರಸ ಬಸವಲಿಂಗ ತಂದೆ ಸದಾಶಿವನ ಹೆಸರಿಟ್ಟು ಕಟ್ಟಿಸಿದ ಗಡ ಇದು. 1752ರಲ್ಲಿ ಪೋರ್ಚುಗೀಸರು ಇದನ್ನು ಕಿತ್ತುಕೊಂಡರು. 1763ರಲ್ಲಿ ಹೈದರಾಲಿಯ ಸೇನೆ ಬಂತು, ಮುಂದೆ ಇಂಗ್ಲಿಷರು.

4. ಮೇಲೆ ಹೋದವರು ಮೊದಲು ಅಳಿವೆ ನೋಡಿ. ಇಷ್ಟು ಚಿಕ್ಕ ಗುಡ್ಡಕ್ಕೆ ಇಷ್ಟೊಂದು ಜನ ಯಾಕೆ ಹೊಡೆದಾಡಿದರು ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಎಡಕ್ಕೆ ಕಾರವಾರ, ಎದುರಿಗೆ ಅರಬ್ಬೀ ಸಮುದ್ರ ಮತ್ತು ಕೂರ್ಮಗಡ ದ್ವೀಪ, ಬೆನ್ನಿಗೆ ಸಹ್ಯಾದ್ರಿ. ಘಟ್ಟದ ಮೇಲಿನ ಕಾಳುಮೆಣಸು ಕಡಲಿಗಿಳಿಯುತ್ತಿದ್ದ ಸೀಮೆಯಿದು. ಅದರ ಆಸೆಗೇ ಇಂಗ್ಲಿಷ್ ವರ್ತಕರು 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದದ್ದು. ಗುಡ್ಡ ಯಾರ ಕೈಯಲ್ಲಿದೆಯೋ, ನದಿಯೊಳಗೆ ಬರುವ ಪ್ರತಿ ದೋಣಿಯೂ ಅವರ ಕಣ್ಣಿಗೆ ಬೀಳಲೇಬೇಕು. ಅರ್ಧ ಗಂಟೆ ಕೂತು ನೋಡಿ, ಫಿರಂಗಿಯನ್ನು ಎಲ್ಲಿ ಇಟ್ಟಿರಬಹುದೆಂದು ನೀವೇ ಹೇಳುತ್ತೀರಿ.

5. ರವೀಂದ್ರರನ್ನು ನೆನೆಯಿರಿ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತಮ್ಮ ಬಂದು ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲೇ. ಕಾಳಿಯಲ್ಲಿ ದೋಣಿಯೇರಿ ಹೋಗಿ ಬೆಟ್ಟದ ಕೋಟೆಯ ಬುಡದಲ್ಲಿ ಇಳಿದು, ಬೆಳದಿಂಗಳಲ್ಲಿ ಮರಳಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಡಲತೀರಕ್ಕೆ ಅವರ ಹೆಸರಿಟ್ಟ ನಾವು ಈ ಗುಡ್ಡವನ್ನೂ ಅಷ್ಟೇ ಅಕ್ಕರೆಯಿಂದ ಕಾಣಬೇಕಿತ್ತು. ಹೆದ್ದಾರಿಗಾಗಿ ಅದನ್ನು ಸೀಳಿದ ಗಾಯ ಇಂದಿಗೂ ಕಾಣುತ್ತದೆ. ಆ ಅಂಚಿನ ಹತ್ತಿರ ಮಕ್ಕಳನ್ನು ಬಿಡಬೇಡಿ.

6. ದುರ್ಗಾದೇವಿ ಗುಡಿ, ಶಾಹ ಶಂಸುದ್ದೀನರ ದರ್ಗಾ ಎರಡೂ ಸದಾಶಿವಗಡದಲ್ಲಿವೆ. ಎರಡಕ್ಕೂ ಹೋಗಿ ಬನ್ನಿ, ಚಪ್ಪಲಿ ಹೊರಗೆ. ನೀರಿನ ಬಾಟಲಿ ಜೊತೆಗಿರಲಿ, ಖಾಲಿಯಾದದ್ದೂ ನಿಮ್ಮ ಚೀಲದಲ್ಲೇ ಇಳಿಯಲಿ. ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಕತ್ತಲಾಗುವ ಮೊದಲೇ ಇಳಿಯಿರಿ.