ಯೋಬನ ಎರಡನೇ ಮಗಳ ಹೆಸರು

ಮಗಳೇ, ಹುಟ್ಟೋ ಕೂಸು ಹೆಣ್ಣಾದರೆ ಕೆಜಿಯಾ ಅಂತ ಇಡಬೇಕು ಅಂದೆಯಂತೆ. ನಿಮ್ಮಮ್ಮನಿಗೆ ನಾಲಿಗೆ ಹೊರಳುತ್ತಿಲ್ಲವಂತೆ, ನನಗಂತೂ ಹಿಡಿಸಿತು. ಚರ್ಚಿನಲ್ಲಿ ಗ್ರೇಸ್ ಅಂತ ಕೂಗಿದರೆ ನಾಲ್ಕು ಜನ ತಿರುಗುತ್ತಾರೆ, ಇದಕ್ಕೆ ಆ ಕಾಟವಿಲ್ಲ. ಆದರೆ ಅಪರೂಪದ್ದು ಅನ್ನೋ ಒಂದೇ ಕಾರಣಕ್ಕೆ ಇಡಬೇಡ, ಹಿಂದಿನ ಕತೆಯೂ ಗೊತ್ತಿರಲಿ.

ಹೀಬ್ರೂ ಭಾಷೆಯಲ್ಲಿ ಕೆತ್ಸಿಯಾ ಅಂದರೆ ಮರದಿಂದ ಕೆರೆದು ತೆಗೆದ ಘಮಘಮ ತೊಗಟೆ, ದಾಲ್ಚಿನ್ನಿಯ ಹತ್ತಿರದ ನೆಂಟ. ಪಲಾವಿಗೆ ಅಂತ ಅಂಗಡಿಯವರು ಕೊಡುವ ದಪ್ಪ, ಒರಟು ಚಕ್ಕೆ ಹೆಚ್ಚಾಗಿ ಆ ಜಾತಿಯದೇ. 45ನೇ ಕೀರ್ತನೆಯಲ್ಲಿ ರಾಜನ ಉಡುಪಿನ ಸುವಾಸನೆಗಳಲ್ಲಿ ಇದೂ ಒಂದು.

ಈಗ ಈ ಹೆಸರಿನವಳ ಅಪ್ಪ, ಬೈಬಲಿನ ಯೋಬನ ವಿಷಯ. ಮೊದಲಿದ್ದ ಏಳು ಗಂಡು, ಮೂರು ಹೆಣ್ಣು ಮಕ್ಕಳು ಮನೆ ಕುಸಿದು ಸತ್ತರು. ಕಷ್ಟ ಕಳೆದ ಮೇಲೆ ಮತ್ತೆ ಅಷ್ಟೇ ಮಕ್ಕಳಾದರು. ಗಂಡುಮಕ್ಕಳಲ್ಲಿ ಒಬ್ಬನ ಹೆಸರೂ ಯೋಬನ ಗ್ರಂಥದಲ್ಲಿಲ್ಲ! ಇರೋದು ಈ ಮೂವರು ಹೆಣ್ಣುಮಕ್ಕಳದ್ದು: ಜೆಮಿಮಾ, ಕೆಜಿಯಾ, ಕೆರೆನ್‌ಹಪ್ಪೂಕ್. ದೊಡ್ಡವಳ ಹೆಸರನ್ನ ಕ್ರಿಕೆಟಿನ ಜೆಮಿಮಾ ರಾಡ್ರಿಗಸ್ ಮನೆಮಾತು ಮಾಡಿದಳು. ಕಿರಿಯವಳದ್ದು ಕಾಡಿಗೆ ತುಂಬಿದ ಕೊಂಬು ಅಂತ. ಪಾಪ, ಆ ಹೆಸರಿಗೆ ಗಿರಾಕಿಯೇ ಇಲ್ಲ. ಮೋಶೆಯ ಕಟ್ಟಳೆಯಲ್ಲಿ ಗಂಡುಮಕ್ಕಳಿಲ್ಲದಿದ್ದರಷ್ಟೇ ಹೆಣ್ಣಿಗೆ ಆಸ್ತಿ. ಯೋಬ ಮಾತ್ರ ಏಳು ಗಂಡುಮಕ್ಕಳಿದ್ದೂ ಈ ಮೂವರಿಗೆ ಅಣ್ಣತಮ್ಮಂದಿರ ನಡುವೆಯೇ ಪಾಲು ಕೊಟ್ಟ. ಚಕ್ಕೆಯ ಘಮಕ್ಕಿಂತ ನನಗೆ ಹಿಡಿಸಿದ್ದು ಈ ಪಾಲು. ನಿನ್ನ ಗಂಡನ ಕಿವಿಗೂ ಇದನ್ನ ಹಾಕಿರು.

ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯ ಕೊನೆಯ ತಂಗಿಗೂ ಇದೇ ಹೆಸರು. 1709ರಲ್ಲಿ ಹುಟ್ಟಿದವಳು, ಮನೆಮಂದಿಗೆ ಕೆಜ್ಜಿ. ನೀನು ಮಾತ್ರ ಹಾಗೆ ಮೊಟಕು ಮಾಡೋಕೆ ಬಿಡಬೇಡ. ಶಾಲೆಯಲ್ಲಿ "ಎಷ್ಟು ಕೆಜಿ?" ಅಂತ ಕೇಳೋ ತರಲೆ ಒಬ್ಬನಾದರೂ ಇದ್ದೇ ಇರುತ್ತಾನೆ. ಬೇರೆಯವರು ಬಾಯಿ ಹಾಕೋ ಮೊದಲೇ ಜಿಯಾ ಅಂತ ಕರೆಯೋದು ರೂಢಿ ಮಾಡಿಬಿಡು.

ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಎಚ್ ಬೇಕೋ ಬೇಡವೋ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿಕೊಳ್ಳಿ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಆದರೆ ಕಚೇರಿ ಅಲೆದು ಚಪ್ಪಲಿ ಸವೆಯುತ್ತದೆ. ಆಸ್ಪತ್ರೆಯಲ್ಲಿ ಫಾರಂ ಹಿಡಿದು ಬಂದರು ಅಂತ ಗಾಬರಿಯಲ್ಲಿ ಏನೋ ಒಂದು ಬರೆಸಬೇಡ. ಹೆಸರಿನ ಜಾಗ ಖಾಲಿ ಬಿಟ್ಟೇ ಜನನ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.