ಬೇಸಿಗೆಯ ಒಂದು ಇಂಚು ಮಳೆ: ಗಿರಿಗೆಷ್ಟು, ಮಾರಿಕಣಿವೆಯ ಬಯಲಿಗೆಷ್ಟು?

ಶಿವರಾತ್ರಿ ಕಳೆಯಿತೆಂದರೆ ಸದಸ್ಯ ಬಂಧುಗಳು ಕೇಳುವ ಪ್ರಶ್ನೆ ಒಂದೇ: "ಈ ಸಲ ಬೇಸಿಗೆ ಮಳೆ ಹೇಗಂತೆ?" ಗಿರಿಯ ಕಾಫಿ ಬೆಳೆಗಾರರೂ ಇದನ್ನೇ ಕೇಳುತ್ತಾರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರೂ ಇದನ್ನೇ ಕೇಳುತ್ತಾರೆ. ಪ್ರಶ್ನೆ ಒಂದಾದರೂ ಉತ್ತರ ಎರಡು. ಹವಾಮಾನ ಇಲಾಖೆಯವರು ಫೆಬ್ರವರಿ ಮುಗಿಯುವ ಹೊತ್ತಿಗೆ ಮಾರ್ಚ್‌ನಿಂದ ಮೇ ವರೆಗಿನ ಮುನ್ಸೂಚನೆಯನ್ನು ಪ್ರಕಟಿಸುವುದುಂಟು. ಅದನ್ನು ನಮ್ಮ ನಮ್ಮ ತೋಟಕ್ಕೆ ಹೊಂದಿಸಿಕೊಂಡು ಓದುವುದು ಹೇಗೆಂಬುದನ್ನು ಈ ಪಾಠದಲ್ಲಿ ನೋಡೋಣ.

ಗಿರಿಗೂ ಬಯಲಿಗೂ ನಂಟು ಹಾಕಿರುವುದು ವೇದಾವತಿ. ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹಳ್ಳಗಳು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗದ ಸೀಮೆ ದಾಟಿ ಬಂದ ಈ ಹೊಳೆಗೆ ಎರಡು ಗುಡ್ಡಗಳ ನಡುವೆ, ಮಾರಿಕಣಿವೆಯಲ್ಲಿ, ಮೈಸೂರು ಸರ್ಕಾರದವರು 1898ರಿಂದ 1907ರವರೆಗೆ ಕಟ್ಟೆ ಕಟ್ಟಿದರು. ಅದೇ ವಾಣಿವಿಲಾಸ ಸಾಗರ.

ಇನ್ನು ಬೇಸಿಗೆ ಮಳೆಯ ಬಗೆ. ಚಿತ್ರದುರ್ಗ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ, ನಡುಮಧ್ಯಾಹ್ನ ಕಂಬದ ನೆರಳು ಬುಡ ಬಿಟ್ಟು ಆಚೆ ಬೀಳದು. ಕಾದ ನೆಲದಿಂದ ಗಾಳಿ ಮೇಲೇರುತ್ತದೆ. ಕಡಲ ಕಡೆಯಿಂದ ತೇವ ಬಂದು ಸೇರಿದ್ದರೆ ಸಂಜೆಗೆ ಗುಡುಗು, ಸಿಡಿಲು, ಬಿರುಗಾಳಿ, ಮಳೆ. ಬೆಟ್ಟದ ಇಳಿಜಾರು ಗಾಳಿಯನ್ನು ಮೇಲಕ್ಕೆ ತಳ್ಳುವುದರಿಂದ ಗಿರಿಯಲ್ಲಿ ಮೋಡ ಬೇಗ ಬಲಿಯುತ್ತದೆ. ಬಯಲಿನಲ್ಲಿ ಕಾವು ಧಾರಾಳವಾಗಿದ್ದರೂ ತೇವ ಸಾಲದು. ಬಂದರೂ ಒಂದು ಊರಿಗೆ ಬಂದದ್ದು ಪಕ್ಕದ ಊರಿಗಿಲ್ಲ.

ಕಾಫಿಗೆ ಈ ಮಳೆಯೇ ವರ್ಷದ ಫಸಲು. ರೋಬಸ್ಟಾಕ್ಕೆ ಫೆಬ್ರವರಿ ನಡುವಿನಿಂದ ಮಾರ್ಚ್‌ವರೆಗೆ, ಅರೇಬಿಕಾಕ್ಕೆ ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬೇಕು. ತೋಟದವರ ಲೆಕ್ಕದಲ್ಲಿ 100 ಸೆಂಟು, ಅಂದರೆ ಒಂದು ಇಂಚು, ಬಿದ್ದರೆ 8–10 ದಿನಕ್ಕೆ ಗಿಡ ಬೆಳ್ಳಗಾಗುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಬರದಿದ್ದರೆ ಸ್ಪ್ರಿಂಕ್ಲರ್ ಹೂಡಬೇಕು. ಹೂ ಅರಳಿದ ದಿನವೇ ಮಳೆ ಹೊಡೆದರೆ ರೋಬಸ್ಟಾಕ್ಕೆ ನಷ್ಟ. ಹೊತ್ತಲ್ಲದ ಹೊತ್ತಿನ ಮಳೆ ಏನು ಮಾಡುತ್ತದೆಂಬುದನ್ನು 2021ರ ಜನವರಿಯಲ್ಲಿ ಕಾಫಿ ಸೀಮೆಯವರು ಕಂಡಿದ್ದಾರೆ.

ಅದೇ ಒಂದು ಇಂಚು ಅಡಿಕೆ ತೋಟಕ್ಕೆ ಎಷ್ಟಾಯಿತು? ಕಾಗದ ಪೆನ್ಸಿಲ್ ಹಿಡಿದು ಕೂತು ಲೆಕ್ಕ ಹಾಕೋಣ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಎಂದರೆ ಸುಮಾರು 1 ಲಕ್ಷ ಲೀಟರ್ ನೀರು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಎಕರೆಗೆ ಸುಮಾರು 540 ಮರ. ಪಾತಿಗೆ ಹಾಯಿಸುವುದಾದರೆ ಮರವೊಂದಕ್ಕೆ ಒಂದು ಸಲಕ್ಕೆ 175 ಲೀಟರ್ ಎಂಬುದು ಶಿಫಾರಸು. ಒಟ್ಟು 94,500 ಲೀಟರ್. ಎಂದರೆ ಒಂದು ಇಂಚು ಮಳೆ ಒಂದು ಸರದಿ ನೀರಿಗೆ ಸಮ, ಅಷ್ಟೆ. ಮಾರ್ಚ್‌ನಿಂದ ಮೇ ವರೆಗೆ 3–5 ದಿನಕ್ಕೊಮ್ಮೆ ನೀರು ಬೇಕಾದ್ದರಿಂದ ಆ ಮಳೆಯ ಆಯುಸ್ಸು ವಾರವೂ ಇಲ್ಲ. ಗಿರಿಯವರಿಗೆ ವರ್ಷದ ಫಸಲು ಕೊಡುವ ಮಳೆ ನಮಗೆ ನಾಲ್ಕು ದಿನದ ಬಿಡುವು ಕೊಡುತ್ತದೆ. ಹೀಗಿರುವುದರಿಂದ, "ಬೇಸಿಗೆ ಮಳೆ ವಾಡಿಕೆಗಿಂತ ಹೆಚ್ಚು" ಎಂದು ರೇಡಿಯೋದಲ್ಲಿ ಕೇಳಿದ ಮಾತ್ರಕ್ಕೆ ಬಯಲಿನವರು ಹೊಸ ಸಸಿ ನೆಡಲು ಗುಂಡಿ ತೆಗೆಯಬಾರದು. ವಾಡಿಕೆಯೇ ಚಿಕ್ಕದಿರುವಲ್ಲಿ ಅದರ ಮೇಲಿನ ಹೆಚ್ಚಳವೂ ಚಿಕ್ಕದೇ.

ಆದ್ದರಿಂದ ಮೊದಲು ಅಳೆಯಬೇಕಾದ್ದು ಮೋಡವನ್ನಲ್ಲ, ಕೊಳವೆ ಬಾವಿಯನ್ನು. 200 ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗೆ ಹಿಡಿದು ಗಡಿಯಾರ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್. ಏಳು ಗಂಟೆ ಕರೆಂಟ್ ಸಿಕ್ಕರೆ 21,000. ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೆ 1,050 ಮರಕ್ಕೆ, ಎಂದರೆ ಎರಡು ಎಕರೆಗೆ ಒಂದಿಷ್ಟು ಕಡಿಮೆ. ಇದು ಫೆಬ್ರವರಿಯ ಲೆಕ್ಕ. ಏಪ್ರಿಲ್‌ನಲ್ಲಿ ಅದೇ ಡ್ರಮ್ಮು ಆರು ನಿಮಿಷ ತೆಗೆದುಕೊಂಡರೆ 700 ಮರಕ್ಕಷ್ಟೇ ನೀರು. ಉಳಿದವಕ್ಕೆ ಏನು ದಾರಿ ಎಂಬುದನ್ನು ಈಗಲೇ ಯೋಚಿಸತಕ್ಕದ್ದು.

ನಾಲೆಯ ಕೆಳಗಿನ ಹಿರಿಯೂರಿನವರ ಲೆಕ್ಕ ಬೇರೆ. ಅವರು ನೋಡಬೇಕಾದ್ದು ಜಲಾಶಯದ ಮಟ್ಟ. 130 ಅಡಿಯ, ಸುಮಾರು 30 ಟಿ.ಎಂ.ಸಿ. ಹಿಡಿಯುವ ಈ ಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷದ ನಂತರ, 2022ರಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿತ್ತು. ಒಂದು ತಲೆಮಾರಿನವರು ಕೋಡಿಯನ್ನು ನೋಡದೆಯೇ ತೀರಿಕೊಂಡರು. ಕೆಲವೇ ವರ್ಷ ಹಿಂದೆ, 2017ರ ಸುಮಾರಿಗೆ, ನೀರು ತಳ ಕಂಡು ತೆಂಗು ಅಡಿಕೆ ತೋಟಗಳು ಒಣಗಿದ್ದವು. 2019ರಿಂದ ಭದ್ರಾ ಮೇಲ್ದಂಡೆಯ ನೀರು ಬರತೊಡಗಿದ್ದು ದೊಡ್ಡ ಆಸರೆ. ಆದರೆ ಬೇಸಿಗೆಯ ಮಳೆಯಿಂದ ಈ ಕಟ್ಟೆ ಏರುವುದಿಲ್ಲವೆಂಬುದನ್ನು ನೆನಪಿಡಬೇಕು. ಹಿಂದಿನ ಮಳೆಗಾಲದಲ್ಲಿ ಬಂದದ್ದನ್ನೇ ಬೇಸಿಗೆಯಲ್ಲಿ ಉಣ್ಣುವುದು.

ಬೇಸಿಗೆ ಎಲ್ಲಿಗೆ ಮುಗಿಯುತ್ತದೆ? ಮುಂಗಾರು ಕೇರಳ ಮುಟ್ಟುವುದು ಜೂನ್ 1ರ ಸುಮಾರಿಗೆ, ಗಿರಿಯವರ ನೀರಿನ ಚಿಂತೆ ಆ ತಿಂಗಳಲ್ಲೇ ತೀರುತ್ತದೆ. ನಮ್ಮ ಬಯಲಿಗೆ ಮುಂಗಾರು ಮಳೆಗಿಂತ ಗಾಳಿಯನ್ನೇ ಹೆಚ್ಚು ತರುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಹದವಾದ ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಭರಣಿ, ಕೃತ್ತಿಕೆ ಮಳೆಗಳನ್ನು ನಂಬಿದ ಹಿರಿಯರನ್ನು ನಾವು ತೆಗೆದುಹಾಕುವುದಿಲ್ಲ, ಅವರು ನಂಬಿದ್ದು ಉಳುಮೆಗೆ, ತೋಟ ಉಳಿಸುವುದಕ್ಕಲ್ಲ. ಎಲ್ ನಿನೋ ಮಾತು ಬಂದರೆ ಮಾತ್ರ ಕಿವಿಗೊಡಿ. 2002, 2009, 2015, 2023 ಅಂಥ ವರ್ಷಗಳು, ನಾಲ್ಕೂ ಸಲ ದೇಶದ ಮುಂಗಾರು ಕುಂದಿತು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರದ ಪಟ್ಟಿ ಸೇರಿದವು. 1997ರಲ್ಲಿ ಎಲ್ ನಿನೋ ಬಲವಾಗಿದ್ದರೂ ಮಳೆ ಕೈಕೊಡಲಿಲ್ಲ, ಆ ವಿನಾಯಿತಿಯನ್ನು ನೆಚ್ಚಿ ಕೂರುವಂತಿಲ್ಲ.

ನೀರಿನ ಜೊತೆಗೆ ಬಿಸಿಲಿನ ಕಾವಲು ಬೇಕು. ನೈಋತ್ಯದ ಇಳಿಬಿಸಿಲು ತಾಗಿದ ಕಾಂಡ ಮೊದಲು ಹಳದಿಗೆ ತಿರುಗಿ, ಆಮೇಲೆ ಕಂದಾಗಿ ಸೀಳುತ್ತದೆ, ಮುಂದೆ ಗಾಳಿಗೆ ಮುರಿಯುವುದು ಅಲ್ಲೇ. ಆ ಬದಿಯ ಸಾಲುಗಳಿಗೆ ಸೋಗೆ ಕಟ್ಟಿ. ಬುಡಕ್ಕೂ ಸೋಗೆ ಹೊದಿಸಿದರೆ ಒಂದು ಸರದಿ ನೀರು ಹೆಚ್ಚು ದಿನ ನಿಲ್ಲುತ್ತದೆ. ಸಿಂಗಾರ ತುದಿಯಿಂದ ಒಣಗಿ ಎಳೆ ಹರಳು ಉದುರಿದರೆ ಎಲ್ಲವನ್ನೂ ನೀರಿನ ಕೊರತೆಯ ತಲೆಗೆ ಕಟ್ಟಬೇಡಿ. ಸಿಂಗಾರ ಒಣಗುವ ರೋಗವೂ ಈ ತಿಂಗಳುಗಳಲ್ಲೇ ಹೆಚ್ಚು. ಒಣಗಿದ ಸಿಂಗಾರ ತೆಗೆದು ಸುಟ್ಟು, ತೋಟಗಾರಿಕೆ ಇಲಾಖೆಯವರನ್ನು ಕೇಳಿ ಔಷಧಿ ಹೊಡೆಯಿರಿ.

ಕೊನೆಗೊಂದು ಕೆಲಸ. ಗಿರಿಯ ಕಾಫಿ ತೋಟಗಳಲ್ಲಿ ಅಜ್ಜಂದಿರ ಕಾಲದ ಮಳೆ ಪುಸ್ತಕವಿರುತ್ತದೆ, ಬಯಲಿನ ಅಡಿಕೆ ತೋಟಗಳಲ್ಲಿ ಕಾಣುವುದು ಅಪರೂಪ. ಮಳೆಮಾಪಕ ಇಲ್ಲದವರು ನೇರ ಗೋಡೆಯ, ಸಪಾಟು ತಳದ ಡಬ್ಬಿಯೊಂದನ್ನು ಮರದ ನೆರಳಿನಿಂದ ದೂರ, ಮಟ್ಟವಾದ ಕಲ್ಲಿನ ಮೇಲಿಡಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ಅಳೆದು, ತಾರೀಖು ಹಾಕಿ ಬರೆಯಿರಿ. ಅರ್ಧ ಇಂಚಿಗಿಂತ ಕಡಿಮೆ ಇದ್ದರೆ ನೀರಿನ ಸರದಿ ತಪ್ಪಿಸಬೇಡಿ. ಹೆಚ್ಚಿದ್ದರೆ ಹಾರೆಯಿಂದ ಬುಡದ ಬಳಿ ಒಂದಡಿ ಅಗೆದು ತೇವ ಎಲ್ಲಿಯವರೆಗೆ ಇಳಿದಿದೆ ನೋಡಿ, ಆಮೇಲೆ ಮೋಟಾರು ನಿಲ್ಲಿಸಿ.